ಕೋಡಿಯಾಚೆಯ ಮನೆ

ನಮ್ಮ ಮನೆಯ ತಲೆಬಾಗಿಲಿನ ಹಿಂದೆ ಗೋಡೆಗೆ ಹೊಡೆದ ಒಂದು ಮೊಳೆ ಇದೆ. ಅದಕ್ಕೆ ಹಿತ್ತಾಳೆಯದೊಂದು ಬೀಗ ತೂಗುತ್ತದೆ, ಬೀಗದ ಕೊರಳಿಗೆ ಕಟ್ಟಿದ ದಾರದಲ್ಲಿ ಮೊನ್ನೆಯ ತನಕ ಎರಡು ಕೀಲಿಕೈ ಇದ್ದವು. ವರ್ಷದ ಬಹುಪಾಲು ದಿನ ಈ ಬೀಗಕ್ಕೆ ಉದ್ಯೋಗವಿಲ್ಲ. ಹಳ್ಳಿಯ ಮನೆಯೆಂದರೆ ಯಾರಾದರೊಬ್ಬರು ಒಳಗಿರುತ್ತಾರೆ, ಯಾರೂ ಇಲ್ಲದ ಹೊತ್ತಿನಲ್ಲಿ ಎದುರುಮನೆಯವರ ಕಣ್ಣು ಇರುತ್ತದೆ, ಆ ಕಣ್ಣಿಗಿಂತ ಗಟ್ಟಿಯಾದ ಬೀಗವನ್ನು ಪೇಟೆಯ ಯಾವ ಅಂಗಡಿಯವನೂ ನನಗಿನ್ನೂ ತೋರಿಸಿಲ್ಲ. ಆದರೆ ಸುಗ್ಗಿ ಮುಗಿದು, ಕಣದ ಹುಲ್ಲು ಬಣವೆ ಸೇರಿ, ಚಳಿಗಾಲದ ಬಿಸಿಲು ಬೆನ್ನಿಗೆ ಹಿತವಾಗಿ ತಾಗುವ ದಿನಗಳು ಬಂದವೆಂದರೆ ನಾನು ಆ ಬೀಗವನ್ನು ಇಳಿಸಿ, ಅದರ ಬಾಯಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ತಿರುಗಿಸಿ ನೋಡಿ, ಮತ್ತೆ ಮೊಳೆಗೆ ಹಾಕುತ್ತೇನೆ. ಹೊರಬೀಡು ಬಂತು ಎಂಬುದಕ್ಕೆ ನಮ್ಮ ಮನೆಯ ಮಟ್ಟಿಗೆ ಇದೇ ಡಂಗುರ.

ನೀವು ಶಿರಸಿಯ ಮೂಡಣ ಕಡೆಯವರಲ್ಲದಿದ್ದರೆ ಹೊರಬೀಡನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರ ಹಿರಿಯರು ಗೊತ್ತುಮಾಡಿದ ಮಂಗಳವಾರವೋ ಶುಕ್ರವಾರವೋ, ಬೆಳಗಿನ ಒಲೆ ಹೊತ್ತಿಸುವ ಮೊದಲೇ, ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ದನಕರು, ಕೋಳಿ, ಕೂಸುಕಂದಮ್ಮ, ಪಾತ್ರೆ ಪಡಗ, ಅಕ್ಕಿ ಬೇಳೆ ಎಲ್ಲವನ್ನೂ ಕಟ್ಟಿಕೊಂಡು ಗಡಿಯ ಹೊರಗೆ ಹೋಗಿ ಮರದ ಬುಡದಲ್ಲಿ ಬೀಡು ಬಿಡುವುದು. ಅಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿ ಉಣ್ಣುವುದು. ಹೊತ್ತು ಇಳಿದ ಮೇಲೆ ಎಲ್ಲರೂ ಒಟ್ಟಿಗೆ ಊರೊಳಗೆ ಬರುವುದು. ಆ ಹಗಲು ಊರೊಳಗೆ ಒಂದು ಒಲೆಯೂ ಉರಿಯಬಾರದು, ಒಂದು ನರಪಿಳ್ಳೆಯೂ ಉಳಿಯಬಾರದು. ಖಾಲಿ ಬೀದಿಗಳಲ್ಲಿ ಊರಮ್ಮ ಒಬ್ಬಳೇ ಓಡಾಡಿ ರೋಗರುಜಿನಗಳನ್ನು ಗುಡಿಸಿ ಆಚೆ ಹಾಕುತ್ತಾಳೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಹಿಂದೆ ಯಾವುದೋ ಬೇನೆ ಬಂದು ಊರು ಬಿಟ್ಟು ಓಡಿದವರ ನೆನಪು ಹೀಗೆ ಉಳಿದಿದ್ದೀತು ಎಂದು ನಮ್ಮನೆಯವರು ಹೇಳುತ್ತಾರೆ. ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ. ವರ್ಷವಿಡೀ ಹೊಗೆಯಾಡುವ ಅಡುಗೆಮನೆಗೆ ಒಂದು ಹಗಲಾದರೂ ಬಾಗಿಲು ಹಾಕಿಸಿದ ದೇವರು ಹೆಣ್ಣೇ ಆಗಿರಬೇಕು ಎಂಬುದು ನನ್ನ ಸೇರ್ಪಡೆ. ಹೊರಗೆ ಹೋದರೂ ಒಲೆಯ ಮುಂದೆ ಕೂರುವವರು ನಾವೇ ಎಂಬುದು ಬೇರೆ ಮಾತು.

ನಮ್ಮೂರು ಇರುವುದು ಬನವಾಸಿಯ ದಾರಿಯಿಂದ ಒಂದಿಷ್ಟು ಒಳಗೆ, ಮಲೆನಾಡು ಮುಗಿದು ಬಯಲುಸೀಮೆ ಇನ್ನೂ ಸರಿಯಾಗಿ ಶುರುವಾಗದ ಜಾಗದಲ್ಲಿ. ಪಡುವಣಕ್ಕೆ ನೋಡಿದರೆ ಕಾಡಿನ ಕಪ್ಪು ಗೆರೆ. ಮೂಡಣಕ್ಕೆ ನೋಡಿದರೆ ಕಣ್ಣು ಹಾಯುವಷ್ಟೂ ಗದ್ದೆ, ಗೋವಿನಜೋಳದ ಹೊಲ, ಅನಾನಸಿನ ಸಾಲು. ಸಿದ್ದಾಪುರ, ಯಲ್ಲಾಪುರದ ಕಡೆಯ ಪರಿಚಯದವರು ನಮ್ಮನ್ನು ಬಯಲುಸೀಮೆಯವರು ಎಂದು ನಗುತ್ತಾರೆ. ಹಾವೇರಿ ಕಡೆಯ ನನ್ನ ತವರಿನವರು ಮಲೆನಾಡಿಗೆ ಕೊಟ್ಟ ಮಗಳು ಎಂದು ಮಳೆಗಾಲ ಬಂದಾಗಲೆಲ್ಲ ಮರುಗುತ್ತಾರೆ. ಎರಡೂ ಕಡೆಯವರು ನಮ್ಮನ್ನು ಆಚೆಯವರೆಂದೇ ಎಣಿಸಿರುವುದರಿಂದ ಗಡಿ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೊದಲಿನಿಂದಲೂ ಸ್ವಲ್ಪ ಸಿಟ್ಟು, ಸ್ವಲ್ಪ ಕುತೂಹಲ.

ಮದುವೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆ, ಹಿತ್ತಿಲು, ಬಾವಿ, ಇಷ್ಟೇ ನನ್ನ ಭೂಗೋಳವಾಗಿತ್ತು. ಊರನ್ನು ನಾನು ಮೊದಲು ಕಣ್ತುಂಬ ಕಂಡದ್ದು ಹೊರಬೀಡಿನ ದಿನ, ಅದೂ ಹೊರಗೆ ನಿಂತು. ಅತ್ತೆ ನನ್ನ ಕೈಗೆ ಮೊಸರಿನ ಗಡಿಗೆ ಕೊಟ್ಟು, ತಾವು ರೊಟ್ಟಿಯ ಗಂಟು ಹೊತ್ತು, ದಾರಿಯುದ್ದಕ್ಕೂ ಊರ ಗಡಿಯ ನಾಲ್ಕು ಗುರುತುಗಳನ್ನು ನೆಂಟರನ್ನು ಪರಿಚಯಿಸಿದ ಹಾಗೆ ಪರಿಚಯಿಸಿದರು. ಮೂಡಣಕ್ಕೆ ಅಗಸಿ, ಹೆಸರಿಗೆ ಊರಬಾಗಿಲು, ನೋಡಿದರೆ ಬಾಗಿಲೇ ಇಲ್ಲದ ಎರಡು ಕಲ್ಲುಕಂಬ, ಆದರೂ ಹೊಸ ಸೊಸೆ ಅದರ ನಡುವಿನಿಂದಲೇ ಬರಬೇಕು, ಪಕ್ಕದ ಬಯಲಿನಿಂದ ನುಸುಳಿ ಬಂದರೆ ಬಂದಂತೆ ಲೆಕ್ಕವಿಲ್ಲ. ಬಡಗಣಕ್ಕೆ ಮುದಿ ಹುಣಸೆಮರ. ಅದರ ಹೊಟ್ಟೆ ಪೊಳ್ಳಾಗಿ ಆಡಿನ ಮರಿ ಮಲಗುವಷ್ಟು ಜಾಗವಾಗಿದೆ, ಹುಳಿ ಮಾತ್ರ ಕಡಿಮೆಯಾಗಿಲ್ಲ. ಪಡುವಣಕ್ಕೆ ವೀರಗಲ್ಲು. ಯಾವ ಕಾಲದಲ್ಲೋ ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಯಾರೋ ಒಬ್ಬ; ಊರಿನ ಪ್ರತಿಯೊಂದು ಮನೆತನವೂ ಅವನನ್ನು ತನ್ನ ಪೂರ್ವಜ ಎನ್ನುತ್ತದೆ, ಅವನ ಮುಖವೆಲ್ಲ ಸವೆದು ಹೋಗಿರುವುದರಿಂದ ಯಾರ ಹೋಲಿಕೆಯೆಂದು ಸಾಧಿಸುವುದೂ ಕಷ್ಟ. ಸವೆಸಿದವು ದನಗಳೇ. ಮೇವಿಗೆ ಹೋಗುವಾಗ ಬರುವಾಗ ಆ ಕಲ್ಲಿಗೆ ಮೈ ತಿಕ್ಕಿ ತಿಕ್ಕಿ ಅವನ ಕತ್ತಿ, ಗುರಾಣಿ, ಮೀಸೆ ಎಲ್ಲವನ್ನೂ ನುಣ್ಣಗೆ ಮಾಡಿವೆ. ದನಗಳಿಗಾಗಿ ಸತ್ತವನಿಗೆ ದನಗಳು ಇದಕ್ಕಿಂತ ಹೆಚ್ಚು ಪ್ರೀತಿ ತೋರಿಸುವುದು ಹೇಗೆ ಎಂದು ನಾನು ಆಗಾಗ ಯೋಚಿಸಿದ್ದೇನೆ.

ನಾಲ್ಕನೆಯ ಗುರುತು ತೆಂಕಣದ ಕೆರೆಕೋಡಿ. ಕೆರೆ ತುಂಬಿ ಹೆಚ್ಚಾದ ನೀರು ಹರಿದು ಹೋಗಲೆಂದು ಹಿಂದಿನವರು ಹಾಸಿದ ಅಗಲವಾದ ಕಲ್ಲುಹಾಸು ಅದು. ಮಳೆಗಾಲದಲ್ಲಿ ಅಲ್ಲಿ ನೀರು ಮೊರೆಯುತ್ತದೆ, ಬೇಸಿಗೆಯಲ್ಲಿ ಬಟ್ಟೆ ಒಗೆಯುವ ಸದ್ದು. ಅದರ ಆಚೆ ಒಂದು ಮಾವಿನ ತೋಪು, ತೋಪಿನಾಚೆ ಪಕ್ಕದ ಊರಿನ ಹೊಲ. ಹೊರಬೀಡಿಗೆ ನಮ್ಮೂರಿನವರು ಬೀಡು ಬಿಡುವುದು ಆ ತೋಪಿನಲ್ಲಿ. ಆ ಮೊದಲ ವರ್ಷ ಕೋಡಿ ದಾಟಿ ಹಿಂತಿರುಗಿ ನೋಡಿದಾಗ ಊರು ಅಂಗೈ ಅಡ್ಡ ಹಿಡಿದರೆ ಮುಚ್ಚಿ ಹೋಗುವಷ್ಟಿತ್ತು. ಒಂದೇ ಬಣ್ಣದ ಹಂಚುಗಳ ನಡುವೆ ನಮ್ಮದು ಯಾವುದೆಂದು ಹುಡುಕುತ್ತ ಹುಡುಕುತ್ತ, ಮಾಡಿನ ಮೇಲೆ ಅತ್ತೆ ಬಿಸಿಲಿಗಿಟ್ಟು ಮರೆತಿದ್ದ ದಪ್ಪ ಕುಂಬಳಕಾಯಿ ಕಣ್ಣಿಗೆ ಬಿತ್ತು. ಅಗೋ ನಮ್ಮ ಮನೆ ಎಂದು ಬಾಯಿಂದ ಬಂದುಬಿಟ್ಟಿತು. ಅಲ್ಲಿಯತನಕ ಮನೆ ಎಂದರೆ ನನಗೆ ತವರೇ ಆಗಿತ್ತು. ಅತ್ತೆ ಕುಂಬಳಕಾಯಿಯನ್ನು ಮರೆತದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು, ನಾನು ಸಂತೋಷಕ್ಕೆ ಅಳುತ್ತಿದ್ದೆ.

ಈಗ ಕೋಡಿಯ ಮೇಲೆ ನಿಂತರೆ ಮೊದಲು ಕಾಣುವುದು ಮೊಬೈಲಿನ ಟವರು, ಆಮೇಲೆ ಪಂಚಾಯತಿಯ ನೀರಿನ ಟಾಕಿ. ಹೊಸಬರಿಗೆ ದಾರಿ ಹೇಳುವ ಹುಡುಗರು ಹುಣಸೆಮರ ಎನ್ನುವುದಿಲ್ಲ, ಟವರಿನ ಹತ್ತಿರ ಎನ್ನುತ್ತಾರೆ. ತಪ್ಪೇನಿಲ್ಲ, ಎತ್ತರವಾದದ್ದು ಕಣ್ಣಿಗೆ ಬೀಳುತ್ತದೆ. ಆದರೆ ಟವರಿಗೆ ಒಳಗೂ ಇಲ್ಲ, ಹೊರಗೂ ಇಲ್ಲ. ಅದು ಬರುವವರಿಗೆ ಊರು ಇಲ್ಲಿದೆ ಎಂದಷ್ಟೇ ಹೇಳುತ್ತದೆ. ಕೋಡಿಯ ಕಲ್ಲು ಹೋಗುವವರಿಗೆ ನೀನು ಹೊರಟೆ ಎಂದು ಹೇಳುತ್ತದೆ. ಈ ಎರಡನೆಯ ಮಾತು ಎಷ್ಟು ಭಾರವಾದದ್ದೆಂದು ನನಗೆ ತಿಳಿದದ್ದು ಗಿರಿಜಾಳಿಂದ.

ಗಿರಿಜಾ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಬಹಳ ವರ್ಷ ಒಂದೇ ಒಲೆಯ ಎರಡು ಬದಿಗೆ ಕೂತು ನಾವಿಬ್ಬರೂ ರೊಟ್ಟಿ ಬಡಿದಿದ್ದೇವೆ, ಅವಳು ತಟ್ಟುವುದು, ನಾನು ಬೇಯಿಸುವುದು. ಮಕ್ಕಳು ಬೆಳೆದರು, ಮನೆ ಸಾಲದಾಯಿತು. ಮೈದುನ ತನ್ನ ಪಾಲಿಗೆ ಬಂದ ಹೊಲದ ತಲೆಯಲ್ಲಿ, ಕೋಡಿಯ ಆಚೆ, ಮಾವಿನ ತೋಪಿಗೆ ಒತ್ತಿಕೊಂಡು ಹೊಸ ಮನೆ ಕಟ್ಟಿಸಿದ. ಜಗಳವಿಲ್ಲ, ಮನಸ್ತಾಪವಿಲ್ಲ. ನಮ್ಮನೆಯವರೇ ನಿಂತು ಪಾಯ ಹಾಕಿಸಿದರು. ಸಿಮೆಂಟಿನ ಮಾಡು, ಮನೆಯೊಳಗೇ ನಳ, ಹೊಳೆಯುವ ಟೈಲ್ಸಿನ ಬಚ್ಚಲು. ಊರ ಹೆಂಗಸರೆಲ್ಲ ಹೋಗಿ ನೋಡಿ ಬಂದು ಗಿರಿಜವ್ವ ಪುಣ್ಯ ಮಾಡ್ಯಾಳ ಎಂದರು. ಸಾಮಾನು ಸಾಗಿಸಿದ ದಿನ ಅವಳು ತನ್ನ ಬಳಿ ಇರುತ್ತಿದ್ದ ಎರಡನೆಯ ಕೀಲಿಕೈಯನ್ನು ತಂದು ಬೀಗದ ದಾರಕ್ಕೆ ಕಟ್ಟಿ, ಇನ್ನ ಇದು ನನಗ್ಯಾಕ ಎಂದಳು. ಹೊಸ ಮನೆಯ ಸಡಗರದಲ್ಲಿ ಅದು ನಮ್ಮಿಬ್ಬರಿಗೂ ಸಹಜವಾಗಿಯೇ ಕಂಡಿತು.

ಅದಾದ ಮೇಲೆ ಬಂದ ಮೊದಲ ಹೊರಬೀಡು. ಹಿಂದಿನ ದಿನ ಊರಗೌಡರು ತಾವಾಗಿ ಗಿರಿಜಾಳ ಮನೆಗೆ ಹೋಗಿ, ನೀವು ಹೇಗೂ ಗಡಿಯ ಹೊರಗೇ ಇದ್ದೀರಿ, ಬೀಗ ಹಾಕುವ, ಗಂಟು ಕಟ್ಟುವ ತ್ರಾಸು ನಿಮಗೆ ಬೇಡ, ಆರಾಮಾಗಿ ಮನೆಯಲ್ಲೇ ಇರಿ ಎಂದು ಹೇಳಿ ಬಂದರು. ಗೌಡರು ಕೆಟ್ಟವರಲ್ಲ, ಅವರ ದನಿಯಲ್ಲಿ ಆ ದಿನವೂ ಅಕ್ಕರೆಯೇ ಇತ್ತು. ಮರುದಿನ ಊರೆಲ್ಲ ತೋಪಿಗೆ ಬಂದು ಇಳಿದರೆ ಪಕ್ಕದಲ್ಲೇ ನಳವಿರುವ, ಬಚ್ಚಲಿರುವ, ಕರೆಂಟಿರುವ ಮನೆ. ನೀರಿಗೆ ಅವಳ ಮನೆ, ಫೋನು ಚಾರ್ಜಿಗೆ ಅವಳ ಮನೆ, ನಡುಹಗಲಿನ ಬಿಸಿಲು ತಾಳದವರಿಗೆ ಅವಳ ಪಡಸಾಲೆಯ ಫ್ಯಾನು. ಗಿರಿಜಾ ಬೆಳಗಿನಿಂದ ಸಂಜೆಯ ತನಕ ಗ್ಯಾಸಿನ ಮುಂದೆ ನಿಂತು ಊರಿಗೆಲ್ಲ ಚಹಾ ಕಾಯಿಸಿದಳು. ಹೊತ್ತು ಇಳಿದಾಗ ಹೊರಟವರೆಲ್ಲ ಅವಳ ಗೇಟಿನ ಮುಂದೆ ನಿಂತು ಬಹಳ ಉಪಕಾರ ಆತ್ರಿ ಎಂದು ಹೇಳಿ ಹೋದರು. ಸೊಸೆಯಾಗಿ ಬಂದಾಗಿನಿಂದ ಲೇ ಗಿರಿಜಾ ಎನ್ನುತ್ತಿದ್ದ ಮುದುಕಿಯರೂ ಅವತ್ತು ‘ರೀ’ ಹಚ್ಚಿ ಮಾತಾಡಿದರು. ಗಂಟೆ ಸದ್ದು ಮಾಡುತ್ತ ದನಗಳು, ಅವುಗಳ ಹಿಂದೆ ನಾವು, ಕೋಡಿ ದಾಟಿ ಒಳಗೆ ಬಂದೆವು. ಕಲ್ಲುಹಾಸಿನ ಮೇಲೆ ನಿಂತು ನಾನು ಹಿಂತಿರುಗಿ ನೋಡಿದೆ. ಗೇಟಿನ ಸರಳು ಹಿಡಿದು ಅವಳು ನಿಂತೇ ಇದ್ದಳು.

ಮಾರನೆಯ ಬೆಳಿಗ್ಗೆ ಬಂದು ನನ್ನ ಎದುರಿಗೆ, ಒಲೆಯ ತನ್ನ ಹಳೆಯ ಬದಿಗೆ ಕೂತಳು. ನಾನು ನಾದಿಟ್ಟ ಹಿಟ್ಟಿನಿಂದ ಒಂದು ರೊಟ್ಟಿ ತಟ್ಟಿ ಕೊಟ್ಟಳು. ಆಮೇಲೆ ಕೇಳಿದಳು: “ಅಕ್ಕಾ, ನಿನ್ನೆ ಎಲ್ಲಾರೂ ನನಗ ಉಪಕಾರ ಆತು ಅಂದ್ರು. ಮನಿಯವರಿಗೆ ಯಾರರ ಉಪಕಾರ ಆತು ಅಂತಾರೇನು?”

ಅವಳ ಮಾತು ಎಷ್ಟು ಆಳವಾಗಿ ನಾಟಿತೆಂದರೆ, ಆಮೇಲೆ ಎಷ್ಟೋ ದಿನ ನಾನು ಯಾರು ಯಾರಿಗೆ ಉಪಕಾರ ಎನ್ನುತ್ತಾರೆಂದು ಗಮನಿಸುತ್ತಲೇ ಹೋದೆ. ನೀವೂ ಬೇಕಾದರೆ ನೋಡಿ. ಮದುವೆಮನೆಯಲ್ಲಿ ಯಾರಿಗೆ ಕೂತುಕೊಳ್ಳಿ, ನಿಮಗ್ಯಾಕೆ ತೊಂದರೆ ಎನ್ನುತ್ತಾರೋ ಅವರು ನೆಂಟರು. ಯಾರಿಗೆ ಏನು ನೋಡುತ್ತ ನಿಂತೆ, ಆ ನೀರಿನ ಕೊಡ ಎತ್ತು ಎಂದು ಗದರುತ್ತಾರೋ ಅವರು ಮನೆಯವರು. ಆದರ ಎಂಬುದು ಎಷ್ಟು ಒಳ್ಳೆಯದಾದರೂ ಅದು ಜಗಲಿಯಲ್ಲಿ ಹಾಸುವ ಚಾಪೆ, ಅಡುಗೆಮನೆಯ ತನಕ ಬರುವುದಿಲ್ಲ. ಊರಿನವರು ಗಿರಿಜಾಳನ್ನು ದೂರ ಮಾಡಬೇಕೆಂದು ಮಾಡಿದ್ದಲ್ಲ. ಒಂದು ಕಷ್ಟದಿಂದ ಅವಳನ್ನು ಬಿಡಿಸಿದರು, ಬಿಡಿಸಿದ್ದರಿಂದಲೇ ಅವಳು ಬಿಟ್ಟುಹೋದಳು.

ಅವಳಿಗೆ ಬೇಕಾದದ್ದು ಇಷ್ಟೇ: ಊರು ಹೊರಡುವಾಗ ತಾನೂ ಹೊರಡಬೇಕು, ಊರು ಒಳಗೆ ಬರುವಾಗ ತಾನೂ ಬರಬೇಕು. ಅದಕ್ಕೆ ಗಡಿಯನ್ನು ಅವಳ ಮನೆಯ ಆಚೆಗೆ ಸರಿಸಿದರೆ ಆಯಿತಲ್ಲ ಎಂದು ನಮ್ಮನೆಯವರು ಗುಡಿಯ ಕಟ್ಟೆಯಲ್ಲಿ ಮಾತು ತೆಗೆದರು. ತೆಗೆದದ್ದೇ ತಡ, ಊರಿನ ಭೂಗೋಳಪಂಡಿತರೆಲ್ಲ ಎದ್ದರು. ಕೆರೆ ಊರಿನದಾದರೆ ಕೋಡಿಯೂ ಊರಿನದೇ, ಹಾಗಾಗಿ ಗಡಿ ಇನ್ನೂ ಆಚೆ ಇರಬೇಕು ಎಂದು ಒಬ್ಬರು. ಹರಿದು ಹೋದ ನೀರು ಊರಿನದಲ್ಲ, ಹಾಗಾಗಿ ಕೋಡಿಯೇ ಕಡೆ ಎಂದು ಇನ್ನೊಬ್ಬರು. ಗಿರಿಜಾಳ ಮನೆ ಒಳಗಾದರೆ ಅದಕ್ಕೆ ಒತ್ತಿಕೊಂಡ ತೋಪೂ ಒಳಗಾಗುತ್ತದೆ, ಆಗ ನಾವು ಬೀಡು ಬಿಡುವುದು ಪಕ್ಕದ ಊರಿನ ಹೊಲದಲ್ಲಿ, ನಮ್ಮ ಊರಮ್ಮ ಗುಡಿಸಿ ಹಾಕಿದ್ದನ್ನು ಅವರ ಊರಮ್ಮ ಸುಮ್ಮನೆ ಬಿಡುತ್ತಾಳೆಯೇ ಎಂದು ಮತ್ತೊಬ್ಬರು ಕೇಳಿದಾಗ ಎಲ್ಲರೂ ನಕ್ಕರು. ಆದರೆ ಆ ನಗುವಿನಲ್ಲೇ ತೀರ್ಮಾನವೂ ಆಗಿಹೋಯಿತು. ಹಿರಿಯರು ಹಾಸಿದ ಕಲ್ಲು, ಸರಿಸುವುದು ನಮ್ಮ ಕೈಲಿಲ್ಲ. ಆಕೆಗೆ ಯಾರೇನು ಅಂದಿದ್ದಾರೆ, ಆರಾಮಾಗಿರಲಿ ಎಂದರು ಗೌಡರು. ಮತ್ತೆ ಅದೇ ಅಕ್ಕರೆ. ನಾನು ಈ ಸುದ್ದಿಯನ್ನು ಗಿರಿಜಾಳಿಗೆ ಹೇಳಿದಾಗ ಅವಳು ಹೂಂ ಎಂದು ಆಕಳಿಗೆ ಹುಲ್ಲು ಹಾಕಲು ಎದ್ದಳು.

ಈ ಸಲದ ಹೊರಬೀಡಿನ ದಿನ ಕೆರೆಯ ಮೇಲೆ ಮಂಜು ಕೂತಿತ್ತು. ನಾನು ಅಕ್ಕಿಯ ಗಂಟಿಗೆ ಗಂಟು ಹಾಕುತ್ತಿರುವಾಗ ಬೀದಿಯಲ್ಲಿ ದನದ ಗಂಟೆ ಕೇಳಿಸಿತು. ಎಲ್ಲರ ದನಗಳೂ ಹೊರಗೆ ಹೋಗುವ ಹೊತ್ತಿನಲ್ಲಿ ಒಂದು ಗಂಟೆ ಒಳಗೆ ಬರುತ್ತಿತ್ತು. ಬಾಗಿಲಿಗೆ ಬಂದು ನೋಡಿದರೆ ಗಿರಿಜಾ. ತಲೆಯ ಮೇಲೆ ಸೌದೆಯ ಹೊರೆ, ಕೈಯಲ್ಲಿ ಆಕಳ ಹಗ್ಗ, ಹಿಂದೆ ಪಾತ್ರೆಯ ಚೀಲ ಹೊತ್ತ ಮೈದುನ, ನಾಚಿಕೆಯಿಂದ ನೆಲ ನೋಡುತ್ತ. ಅಂಗಳದಲ್ಲಿ ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನಡೀ ಅಕ್ಕಾ, ಹೊತ್ತಾತು ಎಂದಳು, ಎಂದೂ ಈ ಮನೆ ಬಿಟ್ಟು ಹೋಗಿಯೇ ಇಲ್ಲ ಎನ್ನುವಂತೆ. ಈಗ ತಂದ ಸೌದೆಯನ್ನು ಅದೇ ದಾರಿಯಲ್ಲಿ ತಿರುಗಿ ಹೊರಬೇಕಲ್ಲ ಎಂದು ನಮ್ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಹೊರಗೆ ಹೋಗುವ ಹಕ್ಕಿಗಾಗಿ ಒಳಗೆ ಬಂದವಳು ಅವಳು. ಬೀಗ ಹಾಕಿ, ಕೀಲಿಕೈಯ ದಾರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿ, ಹೊರಟೆವು. ಕೋಡಿಯ ಹತ್ತಿರ ಅವಳು ನಿಂತಳು, ಬಗ್ಗಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ದಾಟಿದಳು. ದಿನಕ್ಕೆ ಎಷ್ಟೋ ಸಲ ದಾಟುವ ಕಲ್ಲು ಅದು.

ತೋಪಿಗೆ ಬಂದ ಜನ ಗಿರಿಜಾಳ ಮನೆಯ ಗೇಟಿಗೆ ಬೀಗ ನೋಡಿ ಪೆಚ್ಚಾದರು. ಚಾರ್ಜರಿನ ವಯರು ಸುತ್ತಿಕೊಂಡು ಬಂದ ಹುಡುಗರು, ಬಕೀಟು ಹಿಡಿದು ಬಂದ ಹೆಂಗಸರು, ಫ್ಯಾನಿನ ಕೆಳಗೆ ಮಲಗುವ ಆಸೆಯಲ್ಲಿ ದಿಂಬು ತಂದವರು. ಗಿರಿಜಾ ನಮ್ಮ ಪಕ್ಕದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಅವಳದೇ ಅಡುಗೆಮನೆ ಇತ್ತು. ಉಪ್ಪು ಸಾಲದೆ ಬಂದಾಗಲೂ ಅವಳು ಅತ್ತ ತಿರುಗಲಿಲ್ಲ, ಪಕ್ಕದ ಒಲೆಯವರ ಹತ್ತಿರ ಒಂದು ಹಿಡಿ ಕೇಳಿ ಹಾಕಿಕೊಂಡಳು. ಸುತ್ತ ಗುಸುಗುಸು ಎದ್ದಿತು. ಇಷ್ಟೆಲ್ಲ ಅನುಕೂಲ ಇಟ್ಟುಕೊಂಡು ಊರಿಗೆ ಬಾಗಿಲು ಹಾಕಿದಳು ಎಂದು ಕೆಲವರು ಮುಖ ತಿರುಗಿಸಿದರು. ಗೌಡರು ದೂರದ ಮರದ ಕೆಳಗೆ ಕೂತವರು ಇತ್ತ ನೋಡಲೂ ಇಲ್ಲ. ನನಗೆ ಎದೆಯಲ್ಲಿ ಅಳುಕು. ಊರಿನ ಒಳಗೆ ಬರಲು ಹೋದ ಇವಳು ಊರಿನ ಮನಸ್ಸಿನಿಂದಲೂ ಹೊರಗಾಗುತ್ತಾಳೇನೋ ಎಂದು. ಅವಳೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ, ಉರಿಯುವ ಒಲೆಯನ್ನೇ ಮತ್ತೆ ಮತ್ತೆ ಊದುತ್ತಿದ್ದಳು.

ಆಗ ಕೋಲೂರಿಕೊಂಡು ಬಂದವಳು ಕೆಂಚವ್ವಜ್ಜಿ. ಊರಿಗೆಲ್ಲ ಹಿರಿಯಳು, ಹೋದ ಸಲ ಚಹಾ ಕುಡಿದು ಗಿರಿಜಾಳಿಗೆ ಎರಡೂ ಕೈಯೆತ್ತಿ ಹರಸಿ ಹೋದವಳು. ಒಲೆಯ ಮುಂದೆ ನಿಂತು ಕೋಲನ್ನು ನೆಲಕ್ಕೆ ಕುಟ್ಟಿದಳು.

“ಲೇ ಗಿರಿಜಾ, ಮೊಣಕಾಲ ಬ್ಯಾನಿ ಮುದುಕಿನ ಕೆರಿಮಟ ನಡಸ್ತೀಯಲ್ಲ, ಸೊಕ್ಕ ಬಂತೇನ ನಿನಗ? ಏಳ ಮ್ಯಾಲೆ, ಆ ಕೊಡ ತಗೊಂಡ ನನ್ನ ಜೋಡಿ ನಡಿ.”

ಗಿರಿಜಾ ಎದ್ದಳು. ಕೊಡ ಸೊಂಟಕ್ಕಿಟ್ಟುಕೊಂಡು, ಇನ್ನೊಂದು ಕೈಯಿಂದ ಅಜ್ಜಿಯ ರಟ್ಟೆ ಹಿಡಿದು ಕೆರೆಯ ಕಡೆ ನಡೆದಳು. ದಾರಿಯುದ್ದಕ್ಕೂ ಅಜ್ಜಿ ಬೈಯುತ್ತಲೇ ಇದ್ದಳು, ಗಿರಿಜಾ ತಲೆ ತಗ್ಗಿಸಿ ಬೈಸಿಕೊಳ್ಳುತ್ತಲೇ ಇದ್ದಳು. ತಿರುಗಿ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ತವರಿನಿಂದ ಬಂದವಳ ಗೆಲವು. ಅಜ್ಜಿ ದಾರಿ ಮಾಡಿಕೊಟ್ಟ ಮೇಲೆ ಉಳಿದವರು ಬಿಡುತ್ತಾರೆಯೇ. ಮಧ್ಯಾಹ್ನವಿಡೀ ಒಬ್ಬರಾದ ಮೇಲೊಬ್ಬರು ಬಂದು ಬೈದರು: ಫೋನು ಸತ್ತಿದೆ ಎಂದು ಒಬ್ಬ, ಬಿಸಿಲಿಗೆ ತಲೆನೋವು ಎಂದು ಇನ್ನೊಬ್ಬಳು, ಅವಳ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಉಪ್ಪು ಕೊಟ್ಟವಳೇ. ‘ರೀ’ ಯಾರ ಬಾಯಲ್ಲೂ ಇರಲಿಲ್ಲ. ಅವಳು ಎಲ್ಲರಿಗೂ ಎದುರು ಜವಾಬು ಕೊಟ್ಟಳು, ಅವರೂ ಬಿಡದೆ ಕೂತು ಅವಳ ಒಲೆಯ ಮುಂದೆಯೇ ಎಲೆಯಡಿಕೆ ಹಾಕಿದರು.

ಬಿಸಿಲು ಹಳದಿಗೆ ತಿರುಗಿದ ಮೇಲೆ ಗೌಡರು ಬಂದರು. ಬೇರಿನ ಮೇಲೆ ಕೂತು, ಈ ವರ್ಷ ಚಹಾ ಇಲ್ಲೇನು ಎಂದು ಕೇಳಿದರು. ಹಸಿ ಸೌದೆ ಹೊಗೆಯಾಡುತ್ತಿತ್ತು. ಆ ಹೊಗೆಯಲ್ಲೇ ಗಿರಿಜಾ ಚಹಾ ಕಾಯಿಸಿ ಕೊಟ್ಟಳು. ಗೌಡರು ಆರಿಸಿ ಆರಿಸಿ ಕುಡಿದರು, ಹೊಗೆ ನಾರುತ್ತದೆ ಎಂದರು, ಲೋಟವನ್ನು ಅವಳ ಮುಂದಿಟ್ಟು ಪಂಚೆ ಕೊಡವಿಕೊಂಡು ಎದ್ದು ಹೋದರು. ಉಪಕಾರ ಎನ್ನಲಿಲ್ಲ. ಗಿರಿಜಾ ಲೋಟ ಎತ್ತಿಕೊಂಡು ನನ್ನ ಕಡೆ ನೋಡಿದಳು. ನಾನೂ ಅವಳನ್ನೇ ನೋಡುತ್ತಿದ್ದೆ.

ಹೊತ್ತು ಮುಳುಗುವಾಗ ಎಲ್ಲರೂ ಹೊರಟೆವು. ಅವಳ ಮನೆಯ ಗೇಟು ದಾರಿಯಲ್ಲೇ ಇತ್ತು. ಆಕಳು ಅಭ್ಯಾಸದಂತೆ ಅತ್ತ ತಿರುಗಿದರೆ ಹಗ್ಗ ಜಗ್ಗಿ ಊರ ಕಡೆಗೆ ಎಳೆದುಕೊಂಡಳು. ಕೋಡಿ ದಾಟಿ ಬೀದಿಗೆ ಬಂದು ನಮ್ಮ ಬಾಗಿಲ ಮುಂದೆ ನಿಂತಾಗ ಕೀಲಿಕೈಯ ದಾರವನ್ನು ಸೊಂಟದಿಂದ ತೆಗೆದು ಅವಳ ಕೈಗೆ ಕೊಟ್ಟೆ. ಬಾಗಿಲು ತೆರೆದು, ಕತ್ತಲ ಮನೆಯಲ್ಲಿ ಎಲ್ಲೂ ತಡವರಿಸದೆ ನಡೆದು, ದೇವರ ಮುಂದೆ ಅವಳೇ ದೀಪ ಹಚ್ಚಿದಳು. ಹಗಲಿಡೀ ಖಾಲಿಯಿದ್ದ ಮನೆಗೆ ಒಂದು ತೆರನಾದ ವಾಸನೆ ಇರುತ್ತದೆ, ಯಾರೋ ಈಗಷ್ಟೇ ಗುಡಿಸಿ ಹೋದ ಹಾಗೆ. ಇಬ್ಬರೂ ಅದನ್ನು ಮೂಸುತ್ತ ನಿಂತೆವು. ಆಮೇಲೆ ಅವಳು ನೀರು ಕುಡಿದು, ಬರ್ತೀನಿ ಅಕ್ಕಾ ಎಂದು, ಇನ್ನೂ ಬೆಳಕಿರುವಾಗಲೇ ಆಕಳು ಹೊಡೆದುಕೊಂಡು ಕೋಡಿಯಾಚೆಯ ತನ್ನ ಮನೆಗೆ ಹೊರಟಳು. ಕಲ್ಲು ಎಲ್ಲಿತ್ತೋ ಅಲ್ಲೇ ಇದೆ. ಅವಳ ಮನೆಯೂ ಎಲ್ಲಿತ್ತೋ ಅಲ್ಲೇ ಇದೆ.

ಮರುದಿನ ಕಸ ಗುಡಿಸುವಾಗ ಬೀಗ ಹೊಸ್ತಿಲ ಪಕ್ಕದಲ್ಲಿ ಕಂಡಿತು. ಒರೆಸಿ ಮೊಳೆಗೆ ಹಾಕಲು ಹೋದರೆ ದಾರ ಹಗುರವಾಗಿತ್ತು, ಅದರಲ್ಲಿ ಒಂದೇ ಕೀಲಿಕೈ ಇತ್ತು. ಇನ್ನೊಂದನ್ನು ನಾನು ಹುಡುಕಲಿಲ್ಲ.